ಪಡುವಣ ಗೋಡೆಗೆ ಹೊಡೆದ ಹಳೇ ಆಸ್ಬೆಸ್ಟಾಸ್ ಶೀಟು ಬಿಚ್ಚುವುದು ಹೇಗೆ?

ಹೊಳೆದಂಡೆ84 (ಪ್ರಶ್ನೆ)

ತೀರ್ಥಹಳ್ಳಿ ಕಡೆ ಮನೆ, 1984ರಲ್ಲಿ ಕಟ್ಟಿದ್ದು. ಜಂಬಿಟ್ಟಿಗೆ ಗೋಡೆ, ಹೆಂಚಿನ ಮಾಡು. ಪಡುವಣ ಗೋಡೆಗೆ ಮಳೆಗಾಲದಲ್ಲಿ ಎರಚಲು ಹೊಡೆಯುತ್ತದೆ ಅಂತ ಮೊದಲು ಸೋಗೆ ತಟ್ಟಿ ಕಟ್ಟುತ್ತಿದ್ದರು. ಆಮೇಲೆ ಅಲೆಅಲೆ ಸಿಮೆಂಟ್ ಶೀಟನ್ನೇ ನಿಲ್ಲಿಸಿ ಮರದ ರೀಪಿಗೆ ಸ್ಕ್ರೂ ಹಾಕಿದ್ದಾರೆ. ಎಂಟಡಿಯವು, ಒಟ್ಟು 11. ಹಿಂದುಗಡೆ ಬಚ್ಚಲು ಮತ್ತು ಸೌದೆಕೊಟ್ಟಿಗೆಯ ಇಳಿಮಾಡಿಗೆ ಅದೇ ಅಳತೆಯ ಶೀಟು 14. ಅಲ್ಲಿ ಕಬ್ಬಿಣದ ಪೈಪಿಗೆ ಜೆ ಬೋಲ್ಟ್ ಹಾಕಿದೆ. ಬೆಳಕಿಗೆ ಅಂತ ಮಧ್ಯೆ ಒಂದು ಪ್ಲಾಸ್ಟಿಕ್ ಶೀಟೂ ಇದೆ.

ಗೋಡೆಯ ಶೀಟಿನಲ್ಲಿ ಮೂರು ಕೆಳತುದಿಯಲ್ಲಿ ಒಡೆದಿವೆ, ಒಡೆದ ಜಾಗದಲ್ಲಿ ಬಿಳಿ ನಾರು ಕಾಣುತ್ತದೆ. ಮಾಡಿನ ಮೇಲೆ ಪಾಚಿ ದಪ್ಪಗೆ ಕೂತಿದೆ. ಮಳೆ ಹಿಡಿಯುವ ಮೊದಲು ಎಲ್ಲ ತೆಗೆಸಿ ಬಣ್ಣದ ತಗಡಿನ ಶೀಟು ಹಾಕಿಸುವ ಯೋಚನೆ. ಕೆಲಸದವರು "ಒಂದು ದಿನದ ಕೆಲಸ, ಬೋಲ್ಟ್ ಗ್ರೈಂಡರಿನಲ್ಲಿ ಹಾರಿಸಿ, ಬರದಿದ್ದರೆ ಸುತ್ತಿಗೆಯಲ್ಲಿ ತಟ್ಟಿ ಇಳಿಸುತ್ತೇವೆ" ಅಂತಾರೆ.

ಕೇಳಬೇಕಾದ್ದು ಇಷ್ಟು. ಇದು ಕಲ್ನಾರೇ (ಆಸ್ಬೆಸ್ಟಾಸ್) ಹೌದಾ ಅಂತ ತಿಳಿಯುವುದು ಹೇಗೆ? ಹೀಗೆ ಬಿಚ್ಚಿಸಬಹುದಾ? ಎನ್95 ಮಾಸ್ಕ್ ಸಾಕಾ? ಪಕ್ಕದ ಮನೆಯವರು ಚೆನ್ನಾಗಿರುವ ಶೀಟನ್ನು ದನದ ಕೊಟ್ಟಿಗೆಗೆ ಕೇಳುತ್ತಿದ್ದಾರೆ, ಕೊಡಬಹುದಾ?

ಧೂಳುಮಾಪಕ

ಮೊದಲು ಆ ಗ್ರೈಂಡರು ಮತ್ತು ಸುತ್ತಿಗೆಯನ್ನು ಮನೆಯಿಂದ ದೂರ ಇಡಿಸಿ. ಮಿಕ್ಕಿದ್ದೆಲ್ಲ ಆಮೇಲೆ.

ಸಿಮೆಂಟ್ ಶೀಟಿನಲ್ಲಿ ಕಲ್ನಾರು ಹತ್ತು ಭಾಗಕ್ಕೆ ಒಂದು, ಒಂದೂವರೆ ಇರುತ್ತದೆ, ಉಳಿದದ್ದು ಸಿಮೆಂಟು. ನಾರು ಸಿಮೆಂಟಿನಲ್ಲಿ ಬಿಗಿಯಾಗಿ ಕೂತಿರುವಷ್ಟು ಕಾಲ ಗಾಳಿಗೆ ಬರುವುದು ತೀರಾ ಕಡಿಮೆ. ಕೊಯ್ದರೆ, ಉಜ್ಜಿದರೆ, ಒಡೆದರೆ ಬಿಡುಗಡೆಯಾಗುತ್ತದೆ. ಗ್ರೈಂಡರಿನ ಚಕ್ರ ಬೋಲ್ಟ್ ಕೊಯ್ಯುವಾಗ ಅರ್ಧ ಅಂಗುಲ ಜಾರಿ ಶೀಟಿಗೆ ತಾಗಿದರೂ ಸಾಕು, ಇಡೀ ದಿನ ಕೈಯಲ್ಲಿ ಬಿಚ್ಚುವಾಗ ಏಳದಷ್ಟು ಧೂಳು ಅರೆಕ್ಷಣದಲ್ಲಿ ಏಳುತ್ತದೆ. ಅದರಲ್ಲಿ ಕಣ್ಣಿಗೆ ಕಾಣುವ ಪುಡಿ ಅಪಾಯವಲ್ಲ, ಅದು ಕೆಳಗೆ ಬೀಳುತ್ತದೆ. ಶ್ವಾಸಕೋಶದ ಆಳಕ್ಕೆ ಇಳಿಯುವ ನಾರು 3 ಮೈಕ್ರಾನಿಗಿಂತ ಸಪೂರ. ಕಾಣುವುದಿಲ್ಲ, ಗಂಟೆಗಟ್ಟಲೆ ತೇಲುತ್ತಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವಾದ ಐಎಆರ್‌ಸಿ ಎಲ್ಲ ಬಗೆಯ ಕಲ್ನಾರನ್ನೂ, ಬಿಳಿಯದನ್ನೂ ಸೇರಿಸಿ, ಮನುಷ್ಯರಿಗೆ ಕ್ಯಾನ್ಸರ್ ತರುವುದು ಖಚಿತ ಎಂಬ ಮೊದಲನೇ ಗುಂಪಿನಲ್ಲಿ ಇಟ್ಟಿದೆ. ಕಾಯಿಲೆ ಕಾಣಿಸಿಕೊಳ್ಳುವುದು ಇಪ್ಪತ್ತು, ನಲವತ್ತು ವರ್ಷ ಕಳೆದ ಮೇಲೆ. ಹಾಗಾಗಿ "ಮೂವತ್ತು ವರ್ಷದಿಂದ ಕೊಯ್ತಾ ಇದೀವಿ, ಏನೂ ಆಗಿಲ್ಲ" ಎನ್ನುವ ಮಾತಿಗೆ ತೂಕ ಕೊಡಬೇಡಿ.

ಕಲ್ನಾರೇ ಹೌದಾ ಅಂದರೆ: ಶೀಟಿನ ಮೇಲೆ ಐಎಸ್ 459 ಎಂಬ ಗುರುತು ಉಳಿದಿದ್ದರೆ ಹೌದು, ಅದು ಕಲ್ನಾರಿನ ಅಲೆಶೀಟಿನ ಭಾರತೀಯ ಮಾನಕ. ಚಪ್ಪಟೆ ಶೀಟಾದರೆ ಐಎಸ್ 2096. ಕಲ್ನಾರಿಲ್ಲದ ನಾರು-ಸಿಮೆಂಟ್ ಅಲೆಶೀಟಿಗೆ ಐಎಸ್ 14871 ಎಂಬ ಬೇರೆ ಮಾನಕ ಬಂದದ್ದು 2000ದಲ್ಲಿ. ನಿಮ್ಮದು 80ರ ದಶಕದ್ದು, ಒಡೆದಲ್ಲಿ ನಾರು ಬೇರೆ ಕಾಣುತ್ತಿದೆ. ಪರೀಕ್ಷೆಗೆ ದುಡ್ಡು ಹಾಕುವ ಬದಲು ಕಲ್ನಾರೇ ಅಂದುಕೊಂಡು ಮುಂದುವರಿಯಿರಿ. ಪರೀಕ್ಷೆ ಬೇಕೇ ಬೇಕಾದರೆ ಒಡೆದ ಅಂಚನ್ನು ಒದ್ದೆ ಮಾಡಿ, ಇಕ್ಕಳದಲ್ಲಿ ಹೆಬ್ಬೆರಳುಗುರಿನಷ್ಟು ಚೂರು ಮುರಿದು, ಎರಡು ಜಿಪ್ ಚೀಲದಲ್ಲಿ ಒಂದರೊಳಗೊಂದು ಹಾಕಿ, ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕ ಇರುವ ಪ್ರಯೋಗಾಲಯಕ್ಕೆ ಕಳಿಸಬೇಕು. ಮುರಿದ ಜಾಗಕ್ಕೆ ಸ್ವಲ್ಪ ಬಣ್ಣ ಬಳಿದುಬಿಡಿ.

ಮಾಸ್ಕ್: ಬಟ್ಟೆಯದು, ಸರ್ಜಿಕಲ್‌ನದು ಲೆಕ್ಕಕ್ಕಿಲ್ಲ. ಎನ್95ಕ್ಕಿಂತ ಮೇಲಿನದು ಬೇಕು. ಐಎಸ್ 9473ರ ಪ್ರಕಾರ ಎಫ್‌ಎಫ್‌ಪಿ3 ಎಂದು ಬರೆದಿರುವುದು, ಅಥವಾ ರಬ್ಬರಿನ ಅರೆಮುಖವಾಡಕ್ಕೆ ಎರಡು ಪಿ100 ಫಿಲ್ಟರು. ಎರಡನೆಯದೇ ಮೇಲು, ಮುಖಕ್ಕೆ ಸರಿಯಾಗಿ ಕೂರುತ್ತದೆ. ಯಾವುದಾದರೂ ಸರಿ, ಗಡ್ಡ ಬಿಟ್ಟವನಿಗೆ ಕೆಲಸ ಮಾಡುವುದಿಲ್ಲ. ಎರಡು ದಿನದ ಕುರುಚಲು ಗಡ್ಡವೂ ಅಂಚಿನಲ್ಲಿ ಸಂದು ಬಿಡುತ್ತದೆ. ಹಾಕಿಕೊಂಡ ಮೇಲೆ ಅಂಗೈಯಿಂದ ಫಿಲ್ಟರ್ ಮುಚ್ಚಿ ಉಸಿರೆಳೆಯಲಿ. ಮುಖವಾಡ ಒಳಕ್ಕೆ ಹೀರಿಕೊಂಡು ನಿಂತರೆ ಸರಿ.

ಬಟ್ಟೆ: ಟೊಪ್ಪಿ ಸಮೇತ ಬರುವ, ಒಂದೇ ಸಲ ತೊಡುವ ಮೈಕವಚ, ಧೂಳು ತಡೆಯುವ ಟೈಪ್ 5 ಎಂಬ ಬಗೆಯದು. ಟೊಪ್ಪಿ ಮಾಸ್ಕಿನ ಪಟ್ಟಿಯ ಮೇಲೆ ಬರಬೇಕು, ಕೆಳಗೆ ಅಲ್ಲ. ಕಾಲಿಗೆ ಗಂಬೂಟು, ಕವಚದ ಕಾಲು ಬೂಟಿನ ಹೊರಗೆ. ಒಳಗೆ ತುರುಕಿದರೆ ಪುಡಿಯೆಲ್ಲ ಬೂಟಿಗೆ. ಲುಂಗಿ, ಬನಿಯನ್‌ನಲ್ಲಿ ಮಾಡಿ ಆ ಬಟ್ಟೆಯನ್ನು ಮನೆ ಬಟ್ಟೆಯ ಜೊತೆ ಒಗೆಯಲು ಹಾಕುವುದೇ ಬೇಡ. ಕಲ್ನಾರು ಕೆಲಸಗಾರರ ಬಟ್ಟೆ ಒಗೆದ ಹೆಂಡತಿಯರಿಗೆ ಅದೇ ಕಾಯಿಲೆ ಬಂದದ್ದು ವೈದ್ಯಕೀಯ ದಾಖಲೆಯಲ್ಲಿದೆ.

ಇನ್ನು ಗೋಡೆಯ ಕೆಲಸ. ಹಿಂದಿನ ಸಂಜೆಯೇ ಪ್ರತಿ ಸ್ಕ್ರೂ ತಲೆಗೆ ತುಕ್ಕು ಬಿಡಿಸುವ ಎಣ್ಣೆ ಬಿಡಿ. ಬೆಳಿಗ್ಗೆ ಗಾಳಿ ಏಳುವ ಮೊದಲೇ ಶುರುಮಾಡಿ. ಪಡುವಣ ಕಡೆಯ ಕಿಟಕಿ ಮುಚ್ಚಿ, ಸಂದಿಗೆ ಟೇಪು. ಮಕ್ಕಳು, ನಾಯಿ, ಕೋಳಿ ಆಚೆ. ಒಣಗಲು ಹಾಕಿದ ಅಡಿಕೆ, ಬಟ್ಟೆ ಹತ್ತಿರದಲ್ಲಿ ಇರಬಾರದು. ಗೋಡೆ ಬುಡದಿಂದ ಮೂರು ಮೀಟರ್ ಹೊರಗಿನವರೆಗೆ ಪ್ಲಾಸ್ಟಿಕ್ ಹಾಸಿ, ಹೊರ ಅಂಚನ್ನು ಒಂದು ದಬ್ಬೆ ಇಟ್ಟು ಎತ್ತರಿಸಿ. ಚೂರುಚಾರು, ನೀರು ಅದರಲ್ಲೇ ನಿಲ್ಲಬೇಕು.

ಒದ್ದೆ ಮಾಡಲು ಬೆನ್ನಿಗೆ ಹಾಕುವ 16 ಲೀಟರಿನ ಸ್ಪ್ರೇಯರ್ ಸಾಕು, ಔಷಧಿ ಹೊಡೆದದ್ದಾದರೆ ಮೂರ್ನಾಲ್ಕು ಸಲ ತೊಳೆದು. ಒಂದು ಟ್ಯಾಂಕಿಗೆ ಎರಡು ಮೂರು ಚಮಚ ಪಾತ್ರೆ ತೊಳೆಯುವ ದ್ರವ. ಬರೀ ನೀರು ಹಳೇ ಸಿಮೆಂಟಿನ ಮೇಲೆ ಹನಿಯಾಗಿ ಜಾರುತ್ತದೆ, ಸೋಪು ಸೇರಿದರೆ ನಾರಿನ ಸಂದಿಗೆ ಇಳಿಯುತ್ತದೆ. ಮಂಜಿನ ಹಾಗೆ ಬರುವಂತೆ ನಳಿಕೆ ತಿರುಗಿಸಿ. ಪ್ರೆಷರ್ ವಾಷರ್ ಮಾತ್ರ ಬೇಡ, ಅದು ಸಿಮೆಂಟನ್ನೇ ಕೆರೆದು ನಾರನ್ನು ಕೆಸರಾಗಿಸಿ ಅಂಗಳಕ್ಕೆಲ್ಲ ಎರಚುತ್ತದೆ. ಮುಂಭಾಗ ನೆನೆಸಿದರೆ ಮುಗಿಯಲಿಲ್ಲ. ಶೀಟು ಸಡಿಲವಾಗುತ್ತಿದ್ದಂತೆ ಹಿಂಭಾಗಕ್ಕೂ, ಸ್ಕ್ರೂ ತೂತಿಗೂ ಹೊಡೆಯುತ್ತಿರಬೇಕು. ಒಬ್ಬ ಅದಕ್ಕೇ ನಿಲ್ಲಲಿ.

ಸ್ಕ್ರೂ ತಿರುಗದಿದ್ದರೆ ಹಾರೆ ಹಾಕಿ ಮೀಟಬೇಡಿ. ತೂತಿನ ಸುತ್ತಲೇ ಶೀಟು ಮುರಿಯುವುದು. ವಾಷರನ್ನು ಬೆರಳಲ್ಲಿ ಬಿಡಿಸಿ ತೆಗೆದು, ಸಿಕ್ಕ ಸಂದಿಯಲ್ಲಿ ತುದಿ ಕತ್ತರಿಸುವ ಇಕ್ಕಳ ಹಾಕಿ ತಲೆಯನ್ನಷ್ಟೇ ಕಚ್ಚಿ ತೆಗೆಯಿರಿ. ಕಡ್ಡಿ ರೀಪಿನಲ್ಲೇ ಉಳಿಯಲಿ. ಕೆಳಸಾಲಿನ ಸ್ಕ್ರೂ ಮೊದಲು, ಮೇಲಿನದು ಕೊನೆಗೆ. ಮೇಲಿನದು ಬಿಡಿಸುವಾಗ ಇಬ್ಬರು ಶೀಟನ್ನು ಹಿಡಿದಿರಲೇಬೇಕು. ಎಂಟಡಿ ಶೀಟು ಒಂದಕ್ಕೆ ಸುಮಾರು 35 ಕೆಜಿ, ನೆನೆದರೆ ಇನ್ನೂ ಸ್ವಲ್ಪ ಹೆಚ್ಚು.

ಕೆಲಸದ ಜಾಗದಲ್ಲಿ ಬೀಡಿ, ಎಲೆಯಡಿಕೆ, ಕಾಫಿ ಯಾವುದೂ ಇಲ್ಲ. ಇದನ್ನು ಒಪ್ಪಿಸುವುದೇ ಮಾಸ್ಕ್ ಹಾಕಿಸುವುದಕ್ಕಿಂತ ಕಷ್ಟ, ಮೊದಲೇ ಮಾತಾಡಿಕೊಳ್ಳಿ.

ಮಾಡುಕೆಲಸ

ಮೇಲಿನವರು ಧೂಳಿನದು ಸರಿಯಾಗಿ ಹೇಳಿದ್ದಾರೆ. ಆದರೆ ಇಳಿಮಾಡಿನ 14 ಶೀಟಿನ ವಿಷಯದಲ್ಲಿ ನಲವತ್ತು ವರ್ಷ ಕಾಯಬೇಕಿಲ್ಲ, ಅವತ್ತೇ ಸಾಯಬಹುದು. ಶೀಟು ಕುಸಿದು ಕೆಳಗೆ ಬೀಳುವುದು ಈ ಕೆಲಸದ ದೊಡ್ಡ ಅಪಾಯ.

6 ಮಿಲಿಮೀಟರ್ ದಪ್ಪದ ಶೀಟಿಗೆ ಅಡ್ಡಪೈಪುಗಳ ಅಂತರ ಹೆಚ್ಚೆಂದರೆ 1.4 ಮೀಟರ್. ಹಳೇ ಶೀಟು ಆ ಅಂತರದ ನಡುವೆ ಮನುಷ್ಯನ ತೂಕ ಹೊರುತ್ತದೆ ಅಂತ ನಂಬಲೇಬಾರದು. "ಬೋಲ್ಟ್ ಸಾಲಿನ ಮೇಲೆ ಕಾಲಿಟ್ಟು ನಡೆದರೆ ಏನೂ ಆಗಲ್ಲ" ಅನ್ನುವವರ ಮಾತು ಕೇಳಬೇಡಿ. ಒಂದು ಸಲ ಕಾಲು ಜಾರಿದರೆ ಅಂಗೈ, ಮೊಣಕಾಲು ಬೀಳುವುದು ಸಾಲಿನ ಮೇಲಲ್ಲ, ನಡುವೆ. ಬೆಳಕಿನ ಪ್ಲಾಸ್ಟಿಕ್ ಶೀಟಂತೂ ಬಿಸಿಲಿಗೆ ಹಪ್ಪಳವಾಗಿರುತ್ತದೆ. ಪಾಚಿ ಕಟ್ಟಿದ ಮೇಲೆ ಸಿಮೆಂಟಿಗೂ ಅದಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಕೆಳಗಿನಿಂದ ನೋಡಿ, ಮೇಲೆ ಕೆಂಪು ಬಟ್ಟೆ ಕಟ್ಟಿ ಗುರುತು ಮಾಡಿ.

ಧೂಳಿಗೆ ನೀರು ಬೇಕು, ಆದರೆ ಪಾಚಿಯ ಮೇಲೆ ನೀರು ಬಿದ್ದರೆ ಜಾರುತ್ತದೆ. ಎರಡೂ ಒಟ್ಟಿಗೆ ನಡೆಯುವುದು ಮೇಲೆ ಹತ್ತದೆ ಮಾಡಿದಾಗ ಮಾತ್ರ. ಇಳಿಮಾಡು ಎಂಟೊಂಬತ್ತು ಅಡಿ ಎತ್ತರದ್ದಾದರೆ ಅದು ಸಾಧ್ಯ. ಒಳಗೆ ಸೌದೆ ಖಾಲಿ ಮಾಡಿ ಉದ್ದಕ್ಕೂ ಸಾರ್ವೆ ಹಾಕಿ ಹಲಗೆ ಜೋಡಿಸಿ. ನಿಂತಾಗ ಪೈಪು ಎದೆಮಟ್ಟಕ್ಕೆ ಬರಬೇಕು. ಸೂರಿನ ಹೊರಗೂ ಅಂಥದೇ ಒಂದು. ಮೇಲೆ ಹತ್ತಲೇಬೇಕಾದ ಜಾಗವಿದ್ದರೆ ಕನಿಷ್ಠ ಎರಡಡಿ ಅಗಲದ, ಮೂರು ಪೈಪುಗಳ ಮೇಲೆ ಕೂರುವಷ್ಟು ಉದ್ದದ ಏಣಿಹಲಗೆ ಎರಡು ಬೇಕು. ಒಂದರ ಮೇಲೆ ನಿಂತು ಇನ್ನೊಂದನ್ನು ಸರಿಸಲು. ಹಗ್ಗ ಕಟ್ಟುವುದು ಮನೆಯ ತೊಲೆಗೆ, ಇಳಿಮಾಡಿನ ಪೈಪಿಗೆ ಅಲ್ಲ.

ಜೆ ಬೋಲ್ಟಿನ ನಟ್ ಮೇಲಿರುತ್ತದೆ, ಕೊಕ್ಕೆ ಕೆಳಗೆ. ನಲವತ್ತು ವರ್ಷದ ನಟ್ಟಿನ ಜೊತೆ ಗುದ್ದಾಡಬೇಡಿ, ಕೆಳಗಿನಿಂದ 24 ಅಂಗುಲದ ಬೋಲ್ಟ್ ಕಟರಿನಲ್ಲಿ ಕೊಕ್ಕೆಯನ್ನೇ ಕತ್ತರಿಸಿ. 8 ಮಿಲಿಮೀಟರ್ ಕಡ್ಡಿ, ಗಟ್ಟಿಯಾಗಿ ಒತ್ತಿದರೆ ಒಂದೇ ಸಲಕ್ಕೆ ಹೋಗುತ್ತದೆ. ಆಮೇಲೆ ಮೇಲಿನ ಭಾಗ ಶೀಟಿನ ಜೊತೆಗೇ ಬರುತ್ತದೆ, ಬರಲಿ. ತೂತಿನಿಂದ ಎಳೆದು ತೆಗೆಯಲು ಹೋದರೆ ಅದೇ ಧೂಳು.

ಯಾವ ಶೀಟು ಮೊದಲು? ಹಾಕುವಾಗ ಮಳೆಗಾಳಿ ಬರುವ ಕಡೆಗೆ ವಿರುದ್ಧ ತುದಿಯಿಂದ ಶುರುಮಾಡುತ್ತಾರೆ, ಪಕ್ಕದ ಮಡಿಕೆಯೊಳಗೆ ಗಾಳಿ ನುಗ್ಗಬಾರದು ಅಂತ. ನಿಮ್ಮಲ್ಲಿ ಗಾಳಿ ಪಡುವಣದ್ದು, ಹಾಗಾಗಿ ಮಾಡು ಪೂರ್ವ-ಪಶ್ಚಿಮವಾಗಿ ಓಡುತ್ತಿದ್ದರೆ ಕೊನೆಗೆ ಹಾಕಿದ್ದು ಪಶ್ಚಿಮದ ತುದಿಯದು, ಮೊದಲು ಬರಬೇಕಾದ್ದೂ ಅದೇ. ನಡುವೆ ಯಾರಾದರೂ ಒಂದೆರಡು ಬದಲಾಯಿಸಿದ್ದರೆ ಲೆಕ್ಕ ತಪ್ಪುತ್ತದೆ. ಪಕ್ಕದ ಅಂಚು ಯಾವುದರ ಕೆಳಗೂ ಸಿಕ್ಕಿಕೊಂಡಿರದ ಶೀಟನ್ನು ಹುಡುಕಿ ಅಲ್ಲಿಂದ ಹೊರಡಿ. ಸಿಕ್ಕಿಕೊಂಡಿರುವುದನ್ನು ಎಳೆದರೆ ಎರಡೂ ಒಡೆಯುತ್ತವೆ.

ಇನ್ನೊಂದು ಕಡೆ ಎಲ್ಲರೂ ಎಡವುತ್ತಾರೆ: ಇಳಿಮಾಡಿನ ಮೇಲಂಚು ಗೋಡೆಗೆ ಸೇರುವಲ್ಲಿ ನೀರು ಇಳಿಯದಂತೆ ಗಾರೆ ಮೆತ್ತಿರುತ್ತಾರೆ. ಬೋಲ್ಟ್ ಎಲ್ಲ ಕತ್ತರಿಸಿ ಎತ್ತಿದಾಗ ಅಲ್ಲಿ ಹಿಡಿದುಕೊಂಡು ಶೀಟು ನಡುವೆ ಮುರಿಯುತ್ತದೆ. ಮೊದಲೇ ನೆನೆಸಿ, ಉಳಿಯನ್ನು ಗೋಡೆ ಕಡೆಗೆ ವಾಲಿಸಿ ಗಾರೆಯನ್ನಷ್ಟೇ ಬಿಡಿಸಿ.

ಬಚ್ಚಲೊಲೆಯ ಮೇಲಿನ ಎರಡು ಮೂರು ಶೀಟನ್ನು ಬೇರೆಯೇ ಅಂದುಕೊಳ್ಳಿ. ದಿನಾ ಬಿಸಿ ತಾಗಿ ಅವು ಬಿಸ್ಕತ್ತಿನ ಹಾಗೆ ಆಗಿರುತ್ತವೆ. ಕೆಳಗೆ ಪ್ಲಾಸ್ಟಿಕ್ ಹಾಸಿ, ಒಬ್ಬ ಹೆಚ್ಚಿಗೆ ಹಿಡಿದು, ಕೊನೆಗೆ ತೆಗೆಯಿರಿ. ಹೊಗೆಕೊಳವೆಯೂ ಹಳೇ ಸಿಮೆಂಟ್ ಪೈಪಾದರೆ ಅದೂ ಕಲ್ನಾರೇ ಇದ್ದೀತು.

ಹೊಸ ತಗಡಿನ ಬಗ್ಗೆ ನೀವು ಕೇಳಿಲ್ಲ, ಆದರೂ. ಹಳೇ ಶೀಟು ಚದರ ಮೀಟರಿಗೆ 13 ಕೆಜಿಗಿಂತ ಮೇಲೆ, ಅರ್ಧ ಮಿಲಿಮೀಟರ್ ತಗಡು ನಾಲ್ಕೂವರೆ ಕೆಜಿ. ಇಷ್ಟು ದಿನ ಮಾಡು ತನ್ನ ಭಾರಕ್ಕೇ ಕೂತಿತ್ತು. ಅದೇ ಪೈಪಿಗೆ ತಗಡು ಹೊಡೆದು ಕೈ ತೊಳೆದುಕೊಂಡರೆ ಮೊದಲ ಗಾಳಿಮಳೆಗೆ ಪೈಪು ಸಮೇತ ಏಳುತ್ತದೆ. ಪೈಪನ್ನು ಕಂಬಕ್ಕೆ, ಗೋಡೆಗೆ ಪಟ್ಟಿ ಹಾಕಿ ಬಿಗಿಸಿ. ಸೂರಿನ ಸಾಲಿಗೆ ಸ್ಕ್ರೂ ಹತ್ತಿರ ಹತ್ತಿರ ಹಾಕಿಸಿ.

ಹೊಳೆದಂಡೆ84

ಇಬ್ಬರಿಗೂ ಧನ್ಯವಾದ. ಗ್ರೈಂಡರಿನವರಿಗೆ ಬೇಡ ಅಂತ ಹೇಳಿಯಾಯಿತು. ಎಲ್ಲ ಒಟ್ಟಿಗೆ ಮಾಡಿಸಲು ಈ ವರ್ಷ ಕೈಯಲ್ಲಿ ಆಗುವ ಹಾಗೆ ಕಾಣುವುದಿಲ್ಲ. ಗೋಡೆಯದು ಮಾತ್ರ ತೆಗೆಸಿ, ಮಾಡಿನದು ಹಾಗೇ ಬಿಟ್ಟರೆ? ಹಾಗೆ ಬಿಟ್ಟರೆ ಪಾಚಿ ಕೆರೆಸಬೇಕಾ? ಮಾಡಿನ ನೀರು ತೊಟ್ಟಿಗೆ ಹೋಗುತ್ತದೆ, ಪಾತ್ರೆ ಬಟ್ಟೆಗೆ ಬಳಸುತ್ತೇವೆ. ಮಂಗಗಳ ಕಾಟವೂ ಇದೆ.

ಧೂಳುಮಾಪಕ

ಗಟ್ಟಿಯಾಗಿರುವ ಶೀಟನ್ನು ಮುಟ್ಟದೆ ಬಿಡುವುದು ತಪ್ಪೇ ಅಲ್ಲ. ಎಷ್ಟೋ ಸಲ ಅದೇ ಸರಿಯಾದ ನಿರ್ಧಾರ.

ಪಾಚಿಯನ್ನು ಒಣಗಿದಾಗ ತಂತಿಬ್ರಷ್‌ನಲ್ಲಿ ಕೆರೆಯುವುದು ಮಾತ್ರ ಬೇಡ. ಪಾಚಿಯ ಬೇರು ಸಿಮೆಂಟಿನ ಮೇಲ್ಪದರವನ್ನು ಸಡಿಲ ಮಾಡಿರುತ್ತದೆ, ಕೆರೆದಾಗ ಆ ಪದರ ನಾರಿನ ಸಮೇತ ಬರುತ್ತದೆ. ತೊಟ್ಟಿಗೆ ಹೋಗುವ ಕೊಳವೆಯನ್ನು ಬಿಚ್ಚಿ ಹೊರಗೆ ತಿರುಗಿಸಿ, ಬ್ಲೀಚಿಂಗ್ ಪೌಡರಿನ ತಿಳಿನೀರನ್ನು ಏಣಿಯ ಮೇಲಿನಿಂದ ಸಿಂಪಡಿಸಿ ಬಿಟ್ಟುಬಿಡಿ. ಸತ್ತ ಪಾಚಿ ಕಪ್ಪಾಗಿ ಮಳೆಗೆ ತಾನೇ ಕಳಚುತ್ತದೆ. ಒಂದೆರಡು ದೊಡ್ಡ ಮಳೆ ಹೋದ ಮೇಲೆ ಕೊಳವೆ ತೊಟ್ಟಿಗೆ ಜೋಡಿಸಿ. ಸೂರಿನ ಕೆಳಗೆ ತರಕಾರಿ ಗಿಡ ಇದ್ದರೆ ಪ್ಲಾಸ್ಟಿಕ್ ಮುಚ್ಚಿ.

ನೀರಿನ ಬಗ್ಗೆ: ಕಲ್ನಾರಿನ ಅಪಾಯ ಉಸಿರಿನದು. ಕುಡಿಯುವ ನೀರಿನಲ್ಲಿ ಹೊಟ್ಟೆಗೆ ಹೋದ ನಾರಿನಿಂದ ಹಾನಿ ಎಂಬುದಕ್ಕೆ ಒಂದೇ ತೆರನಾದ ಪುರಾವೆ ಸಿಕ್ಕಿಲ್ಲ ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ನಿಲುವು. ತೊಂದರೆ ಇರುವುದು ಸೂರಿನ ನೀರು ಹರಿಯುವ ದೋಣಿಯಲ್ಲಿ, ತೊಟ್ಟಿಯ ತಳದಲ್ಲಿ ಕೂರುವ ಬೂದು ಕೆಸರಿನಲ್ಲಿ. ಶೀಟು ಸವೆದ ಹಾಗೆ ನಾರು ಅಲ್ಲಿಗೇ ಬರುತ್ತದೆ. ಅದನ್ನು ಬೇಸಿಗೆಯಲ್ಲಿ ಒಣಗಿಸಿ ಗುಡಿಸುವುದು ನಮ್ಮಲ್ಲಿ ರೂಢಿ. ಒದ್ದೆ ಇರುವಾಗಲೇ ಬಾಚಿ ಚೀಲಕ್ಕೆ ಹಾಕಿ.

ಬಣ್ಣ ಬಳಿದು ಮುಚ್ಚುವುದಾದರೆ ಪಾಚಿ ಹೋದ ಮೇಲೆ, ಶೀಟು ಒಣಗಿದ ಮೇಲೆ, ಕ್ಷಾರ ತಡೆಯುವ ಪ್ರೈಮರ್ ಒಂದು ಕೈ, ಹೊರಗೋಡೆಯ ಅಕ್ರಿಲಿಕ್ ಬಣ್ಣ ಎರಡು ಕೈ. ಉಜ್ಜುಕಾಗದ ಹಾಕಬಾರದು. ಒಳಮೈಗೂ ಒಂದು ಕೈ ಹೊಡೆಸಿ, ತಲೆಯ ಮೇಲಿರುವುದು ಅದೇ ತಾನೇ. ಬಿಳಿ ಬಣ್ಣವಾದರೆ ಕೊಟ್ಟಿಗೆಯ ಸೆಕೆಯೂ ಇಳಿಯುತ್ತದೆ.

ಮಂಗ ಹಾರಿ ಬಿರುಕು ಬಿಟ್ಟ ಶೀಟಿಗೆ, ಬಿರುಕು ಕೂದಲೆಳೆಯಷ್ಟಾದರೆ, ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ಅಂಟುವ ಬಿಟುಮೆನ್ ಪಟ್ಟಿ ಎರಡೂ ಬದಿಗೆ. ಚೂರು ಬಿದ್ದಿದ್ದರೆ ಆ ಶೀಟನ್ನು ಇಡಿಯಾಗಿ ಬದಲಾಯಿಸಿ. ಮಂಗ ಮತ್ತೆ ಮತ್ತೆ ಹಾರುವ ಜಾಗವಾದರೆ ಬಣ್ಣದ ದುಡ್ಡೂ ದಂಡ, ಆ ಸಾಲು ಈ ವರ್ಷವೇ ಹೋಗಲಿ.

ಎಡಿಸನ್_ಕನ್ನಡಿಗ

ನ್ಯೂಜೆರ್ಸಿಯಿಂದ ಬರೆಯುತ್ತಿರುವುದು. ಇಲ್ಲಿ 1940, 50ರ ದಶಕದ ಮನೆ ಕೊಳ್ಳುವ ನಮ್ಮವರಿಗೂ ಇದೇ ತಲೆನೋವು, ರೂಪ ಮಾತ್ರ ಬೇರೆ. ಮರದ ಮನೆಯ ಹೊರಗೋಡೆಗೆ ಕಲ್ನಾರು-ಸಿಮೆಂಟಿನ ಬಿಲ್ಲೆಗಳನ್ನು ಮೀನಿನ ಹುರುಪೆಯ ಹಾಗೆ ಒಂದರ ಮೇಲೊಂದು ಹೊಡೆದಿರುತ್ತಾರೆ. ಸಾಮಾನ್ಯವಾಗಿ 24 ಅಂಗುಲ ಅಗಲ, 12 ಅಂಗುಲ ಎತ್ತರ, ಕೆಳತುದಿ ಅಲೆಯಾಗಿರಬಹುದು, ಮೇಲ್ಮೈಯಲ್ಲಿ ಮರದ ಗೆರೆಯ ಅಚ್ಚು. ಕೆಳಗೆ ಮೂರು ಮೊಳೆ, ಸಂದಿನ ಹಿಂದೆ ಡಾಂಬರು ಕಾಗದದ ಪಟ್ಟಿ.

ಇಲ್ಲಿ ಬಿಚ್ಚುವುದು ಮೇಲಿನಿಂದ ಕೆಳಕ್ಕೆ. ಮೇಲಿನ ಸಾಲಿನ ಕೆಳಮೊಳೆ ಕೆಳಗಿನ ಸಾಲಿನ ನೆತ್ತಿಯನ್ನೂ ಒತ್ತಿ ಹಿಡಿದಿರುತ್ತದೆ. ಮೊಳೆತಲೆಯನ್ನು ಇಕ್ಕಳದಲ್ಲಿ ಕಚ್ಚಿ ತೆಗೆದು, ಒದ್ದೆ ಮಾಡಿ, ಬಿಲ್ಲೆಯನ್ನು ಕೆಳಕ್ಕೆ ಜಾರಿಸಿದರೆ ಇಡಿಯಾಗಿ ಬರುತ್ತದೆ. 1978ಕ್ಕೆ ಹಿಂದಿನ ಮನೆಯಾದ್ದರಿಂದ ಬಣ್ಣದಲ್ಲಿ ಸೀಸವೂ ಇದ್ದೀತು, ಆ ಪುಡಿಗೂ ಇದೇ ಎಚ್ಚರಿಕೆ. ಮನೆಯ ಹೀಟರ್, ಎಸಿ ಫ್ಯಾನು ಆರಿಸಿ ಕೆಲಸ ಮಾಡಿ, ಇಲ್ಲದಿದ್ದರೆ ಹೊರಗಿನ ಗಾಳಿ ಒಳಗೆ ಎಳೆದುಕೊಳ್ಳುತ್ತದೆ.

ಒಂದೆರಡು ಬಿಲ್ಲೆ ಒಡೆದಿದ್ದರೆ ಇಡೀ ಗೋಡೆ ಬಿಚ್ಚಬೇಕಿಲ್ಲ. ಅದೇ ಅಳತೆ, ಅದೇ ಅಚ್ಚಿನ ಕಲ್ನಾರಿಲ್ಲದ ನಾರು-ಸಿಮೆಂಟ್ ಬಿಲ್ಲೆ ಅಂಗಡಿಯಲ್ಲಿ ಸಿಕ್ಕರೆ, ಅದನ್ನು ಹಾಕಿ ಬಣ್ಣ ಬಳಿದರೆ ಗುರುತೇ ಸಿಗದು. ಹಳೆಯದರ ಮೇಲೇ ವಿನೈಲ್ ಸೈಡಿಂಗ್ (ಪ್ಲಾಸ್ಟಿಕ್ಕಿನ ಹೊರಹೊದಿಕೆ) ಹೊಡೆಯುತ್ತೇವೆ ಎಂದು ಬರುವವರಿದ್ದಾರೆ. ನಿಷೇಧವೇನಿಲ್ಲ, ಆದರೆ ನೂರಾರು ಮೊಳೆ ಆ ಬಿಲ್ಲೆಗಳನ್ನು ತೂರಿ ಹೋಗುತ್ತವೆ, ಹಿಂದೆ ಎಷ್ಟು ಒಡೆಯಿತು ಎನ್ನುವುದು ಕಾಣುವುದೂ ಇಲ್ಲ. ಮುಂದೆ ಬಿಚ್ಚುವವನಿಗೆ ಬುಟ್ಟಿಗಟ್ಟಲೆ ಚೂರು.

ನಾಲ್ಕು ಅಥವಾ ಕಡಿಮೆ ಮನೆಗಳಿರುವ ವಸತಿ ಕಟ್ಟಡಕ್ಕೆ ಇಲ್ಲಿನ ಕೇಂದ್ರ ಸರ್ಕಾರದ ಕಟ್ಟಡ ಕೆಡವುವ ನಿಯಮದಲ್ಲಿ ವಿನಾಯಿತಿ ಇದೆ. ರಾಜ್ಯ, ಕೌಂಟಿಯ ನಿಯಮ ಬೇರೆ ಬೇರೆ. ಕಲ್ನಾರು ತೆಗೆದುಕೊಳ್ಳುವ ಕಸದ ಜಾಗಕ್ಕೆ ಮೊದಲೇ ಫೋನ್ ಮಾಡದೆ ಗಾಡಿ ತುಂಬಬೇಡಿ, ಹೇಗೆ ಕಟ್ಟಿ ತರಬೇಕು, ಯಾವ ದಿನ ಅಂತ ಅವರದೇ ಲೆಕ್ಕ ಇರುತ್ತದೆ.

ಕಸವಿಲೇವಾರಿ

ಕೊಟ್ಟಿಗೆಯ ಪ್ರಶ್ನೆಗೆ ಇನ್ನೂ ಯಾರೂ ಉತ್ತರಿಸಿಲ್ಲ. ಕೊಡಬೇಡಿ. ಹಳೇ ತೂತು ಹೊಸ ರೀಪಿಗೆ ಹೊಂದುವುದಿಲ್ಲ, ಅವರು ಮತ್ತೆ ತೂತು ಕೊರೆಯುತ್ತಾರೆ, ಅಂಚು ಕೊಯ್ಯುತ್ತಾರೆ. ದನ ಮೈ ಉಜ್ಜುವ ಎತ್ತರಕ್ಕೆ ನಿಲ್ಲಿಸುತ್ತಾರೆ. ನೀವು ಇಷ್ಟೆಲ್ಲ ಮಾಡಿ ತಪ್ಪಿಸಿದ ಧೂಳು ಬೇಲಿಯಾಚೆ ಏಳುತ್ತದೆ. ಒಡೆದ ಚೂರನ್ನು ತೋಟದ ದಾರಿಯ ಕೆಸರಿಗೆ ತುಂಬುವುದು ಇನ್ನೂ ಕೆಟ್ಟದ್ದು, ಟಿಲ್ಲರ್ ಟೈರು ಅದನ್ನು ವರ್ಷವಿಡೀ ಅರೆಯುತ್ತದೆ.

ಕಾನೂನು ಹೇಗಿದೆ ಅಂದರೆ, ನಮ್ಮಲ್ಲಿ ಶೀಟು ತಯಾರಿಸುವುದು, ಮಾರುವುದು ಇಂದಿಗೂ ತಪ್ಪಲ್ಲ. ಕಲ್ನಾರು ತ್ಯಾಜ್ಯ ಮಾತ್ರ 2016ರ ಅಪಾಯಕಾರಿ ತ್ಯಾಜ್ಯ ನಿಯಮದ ಮೊದಲ ಅನುಸೂಚಿಯಲ್ಲಿ 15ನೇ ಕ್ರಮಾಂಕದಲ್ಲಿ ಬರುತ್ತದೆ. ಅದು ಕಾರ್ಖಾನೆಯನ್ನು ಮನಸ್ಸಿನಲ್ಲಿಟ್ಟು ಬರೆದದ್ದು, ಹಳ್ಳಿಮನೆಯ ಇಪ್ಪತ್ತೈದು ಶೀಟನ್ನು ಅಲ್ಲ. ಹಾಗಾಗಿ ಪಂಚಾಯಿತಿಯ ಕಸದ ಗಾಡಿ ಇದಕ್ಕೆ ದಾರಿಯಲ್ಲ. ಶಿವಮೊಗ್ಗದ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ಬರವಣಿಗೆಯಲ್ಲಿ ಕೇಳಿ. ಶೀಟು 25, ತೂಕ ಸುಮಾರು 900 ಕೆಜಿ, ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದೆ ಅಂತ ನಮೂದಿಸಿ. ರಾಜ್ಯದಲ್ಲಿ ಅಪಾಯಕಾರಿ ತ್ಯಾಜ್ಯ ಹೂಳುವ ಭರ್ತಿಜಾಗ ನೆಲಮಂಗಲದ ದಾಬಸ್‌ಪೇಟೆಯಲ್ಲಿದೆ. ಅಲ್ಲಿಗೆ ಒಂದು ಪಿಕಪ್ ಲೋಡ್ ಒಬ್ಬರೇ ಕಳಿಸುವುದು ದುಬಾರಿ, ಊರಿನಲ್ಲಿ ಇನ್ನೂ ಎರಡು ಮೂರು ಮನೆಯವರು ತೆಗೆಸುವವರಿದ್ದರೆ ಒಟ್ಟಾಗಿ ಅರ್ಜಿ ಹಾಕಿ.

ಕಟ್ಟುವ ರೀತಿ: 150 ಮೈಕ್ರಾನ್ ಪಾಲಿಥೀನ್, ಅಂಗಡಿಯಲ್ಲಿ 600 ಗೇಜ್ ಅಂತ ಕೇಳಿ. ತೆಳುವಾದದ್ದು ಶೀಟಿನ ಮೂಲೆಗೆ ಹರಿಯುತ್ತದೆ. ಮೂರು ಶೀಟಿಗೆ ಒಂದು ಕಟ್ಟು, ನೂರು ಕೆಜಿ ಚಿಲ್ಲರೆ ಆಗುತ್ತದೆ, ನಾಲ್ಕು ಜನ ಎತ್ತಬಹುದು. ಐದಾರು ಸೇರಿಸಿದರೆ ಎತ್ತಲಾಗದೆ ಎಳೆಯುತ್ತಾರೆ, ಎಳೆದರೆ ಪ್ಲಾಸ್ಟಿಕ್ ಹರಿಯುತ್ತದೆ. ಎರಡು ಪದರ ಸುತ್ತಿ, ಪ್ರತಿ ಪದರದ ಅಂಚಿಗೂ ಅಗಲ ಟೇಪು. ನೆಲಕ್ಕೆ ಹಾಸುವುದೂ ಸೇರಿ 180ರಿಂದ 200 ಚದರ ಮೀಟರ್ ಬೇಕಾದೀತು. ಇದನ್ನು ಕೆಜಿ ಲೆಕ್ಕದಲ್ಲಿ ಮಾರುತ್ತಾರೆ. ಚದರ ಮೀಟರಿಗೆ ಸುಮಾರು 140 ಗ್ರಾಂ, ಅಂದರೆ 28 ಕೆಜಿ ತನ್ನಿ. ಕಟ್ಟಿನ ಮೇಲೆ "ಕಲ್ನಾರು, ಒಡೆಯಬೇಡಿ" ಅಂತ ದಪ್ಪಗೆ ಬರೆಯಿರಿ. ಹಾಸಿದ ಪ್ಲಾಸ್ಟಿಕ್, ಒರೆಸಿದ ಬಟ್ಟೆ, ಮೈಕವಚ, ಮಾಸ್ಕಿನ ಫಿಲ್ಟರ್ ಎಲ್ಲ ಇದರ ಜೊತೆಗೇ. ನೆಲದಲ್ಲಿ ಉಳಿದ ಚೂರನ್ನು ಒದ್ದೆ ಮಾಡಿ ಕೈಯಲ್ಲಿ ಆರಿಸಿ. ಪೊರಕೆ, ಮನೆಯ ವ್ಯಾಕ್ಯೂಮ್ ಕ್ಲೀನರ್, ಎಲೆ ಊದುವ ಬ್ಲೋವರ್ ಮೂರೂ ಬೇಡ.

ಅನುಮತಿ ಬರುವವರೆಗೆ ಕಟ್ಟುಗಳನ್ನು ನೆರಳಿನಲ್ಲಿ, ಸಮನಾದ ಮರದ ತುಂಡಿನ ಮೇಲೆ ಮಲಗಿಸಿಡಿ. ಬಿಸಿಲಿಗೆ ಪಾಲಿಥೀನ್ ಪುಡಿಯಾಗುತ್ತದೆ. ಗೋಡೆಗೆ ಒರಗಿಸಿಟ್ಟರೆ ಶೀಟು ಬಾಗಿ ಒಳಗೇ ಮುರಿಯುತ್ತದೆ.

ಮಾಡುಕೆಲಸ

ಮೇಲಿನವರು ಕಟ್ಟಲು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ: ಶೀಟಿನ ಜೊತೆ ಬಂದ ಬೋಲ್ಟಿನ ತುಂಡು ಎರಡೂ ಕಡೆ ಚಾಚಿಕೊಂಡಿರುತ್ತದೆ, ಅದು ಪ್ಲಾಸ್ಟಿಕ್ ಚುಚ್ಚುತ್ತದೆ. ಕೊಕ್ಕೆಯನ್ನು ಶೀಟಿಗೆ ಆದಷ್ಟು ಹತ್ತಿರದಲ್ಲಿ ಕತ್ತರಿಸಿ, ಉಳಿದ ಮೊನೆಗೆ ಹಳೇ ಸೈಕಲ್ ಟ್ಯೂಬಿನ ಚೂರು ಸಿಕ್ಕಿಸಿ ಟೇಪು ಸುತ್ತಿ.

ಹೊಳೆದಂಡೆ84

ಸರಿ. ಗೋಡೆಯ 11, ಬಚ್ಚಲೊಲೆ ಮೇಲಿನ 3, ಮಂಗ ಹಾರುವ ಕಡೆಯ 2 ಈ ವರ್ಷ. ಉಳಿದ 9ಕ್ಕೆ ಬಣ್ಣ. ಹಾಗಾದರೆ ಪಾಲಿಥೀನ್ 28 ಕೆಜಿ ಬೇಕಾ, ಕಡಿಮೆ ಸಾಕಾ?

ಕಸವಿಲೇವಾರಿ

16 ಶೀಟು ಅಂದರೆ ಐದು ಕಟ್ಟು ಮೂರರದು, ಉಳಿದ ಒಂದು ಒಂಟಿ ಕಟ್ಟು. ನೆಲದ ಹಾಸೂ ಸೇರಿ 20 ಕೆಜಿ ಸಾಕು. ಟೇಪು ಮಾತ್ರ ಲೆಕ್ಕಕ್ಕಿಂತ ಎರಡು ಉರುಳೆ ಹೆಚ್ಚೇ ತನ್ನಿ, ಒದ್ದೆ ಪ್ಲಾಸ್ಟಿಕ್ಕಿಗೆ ಮೊದಲ ಸಲ ಅಂಟುವುದಿಲ್ಲ, ಒರೆಸಿ ಮತ್ತೆ ಹಾಕಬೇಕಾಗುತ್ತದೆ.